ಹುಲಿತಲೆಯ ಒಡೆಯರು ಯಾರು?

2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ್ದೆಂದು ಹೇಳಲಾದ ಖಡ್ಗವೊಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ಅದು 140 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಹರಾಜಿಗೆ ಮುನ್ನ ಸಂಸ್ಥೆಯೇ ಮಾಡಿದ್ದ ಅಂದಾಜು 15ರಿಂದ 20 ಲಕ್ಷ ಪೌಂಡು ಮಾತ್ರ. ಉಕ್ಕಿನ ಗುಣ, ಹಿಡಿಯ ಮೇಲಿನ ಚಿನ್ನದ ಕೆಲಸ ಎರಡೂ ಶ್ರೇಷ್ಠವಾದವೇ. ಆದರೆ ಅಂಥದೇ ಉಕ್ಕಿನ, ಅಂಥದೇ ಕುಸುರಿಯ ಹದಿನೆಂಟನೇ ಶತಮಾನದ ಖಡ್ಗಗಳು ಇದರ ಬೆಲೆಯ ನೂರರಲ್ಲೊಂದು ಪಾಲಿಗೂ ಹೋಗುವುದಿಲ್ಲ. ಉಳಿದ ಬೆಲೆ ಬಂದದ್ದು ಖಡ್ಗದ ಜೊತೆಗಿದ್ದ ಕಥೆಗೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಖಾಸಗಿ ಕೋಣೆಯಲ್ಲಿ ಅದು ಸಿಕ್ಕಿತು. ಕೋಟೆಯ ಮೇಲಿನ ದಾಳಿಯ ಮುಂದಾಳಾಗಿದ್ದ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಸೈನ್ಯ ಅದನ್ನು ಕಾಣಿಕೆಯಾಗಿ ಅರ್ಪಿಸಿತು. ಈ ಬೇರ್ಡ್ 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕಿ, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಅದೇ ಶ್ರೀರಂಗಪಟ್ಟಣದಲ್ಲಿ ಕೈದಿಯಾಗಿದ್ದವನು. ಇಷ್ಟೆಲ್ಲ ಒಂದೇ ವಸ್ತುವಿನಲ್ಲಿ ಸೇರಿಕೊಂಡರೆ ಕೊಳ್ಳುವವರು ಸುಮ್ಮನಿರುತ್ತಾರೆಯೇ?

ಒಂದು ವಸ್ತು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೇಗೆ ಹೋಯಿತು ಎಂಬ ಸರಪಳಿಯನ್ನು ಕಲಾಪೇಟೆಯವರು ‘ಪ್ರಾವಿನೆನ್ಸ್’ ಎಂದು ಕರೆಯುತ್ತಾರೆ. ಜಮೀನಿನ ವ್ಯವಹಾರ ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂಲಪತ್ರ, ಕ್ರಯಪತ್ರ, ಋಣಭಾರ ಪತ್ರ ನೋಡದೆ ಯಾರೂ ಮೂವತ್ತು–ನಲವತ್ತರ ನಿವೇಶನವನ್ನೂ ಕೊಳ್ಳುವುದಿಲ್ಲ. ವ್ಯತ್ಯಾಸವಿರುವುದು ಒಂದು ಕಡೆ. ನಿವೇಶನದ ಹಿಂದಿನ ಒಡೆಯ ಅದನ್ನು ಕಿತ್ತುಕೊಂಡವನೆಂದು ತಿಳಿದರೆ ಅದರ ಬೆಲೆ ಬೀಳುತ್ತದೆ. ಟಿಪ್ಪುವಿನ ವಸ್ತುಗಳ ವಿಷಯದಲ್ಲಿ ಕಿತ್ತುಕೊಂಡದ್ದಕ್ಕೆ ಪುರಾವೆ ಎಷ್ಟು ಗಟ್ಟಿಯಾಗಿದೆಯೋ ಬೆಲೆ ಅಷ್ಟು ಏರುತ್ತದೆ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ನಡೆಯುತ್ತಿರುವ ಜಗಳ ಇಲ್ಲಿನ ವಿಷಯವಲ್ಲ. ಅವನನ್ನು ಹೊಗಳುವವರೂ ತೆಗಳುವವರೂ ಒಪ್ಪಲೇಬೇಕಾದದ್ದೆಂದರೆ, ಕನ್ನಡನಾಡಿನಿಂದ ಹೊರಹೋದ ವಸ್ತುಗಳ ಪೈಕಿ ಇಷ್ಟು ಚೆನ್ನಾಗಿ ದಾಖಲಾದ ಗುಂಪು ಇನ್ನೊಂದು ಸಿಗುವುದು ಕಷ್ಟ.

ಪಾಲಾದ ಸಿಂಹಾಸನ

ಆ ದಾಖಲೆ ಹುಟ್ಟಿದ್ದು ಹೇಗೆಂಬುದೇ ಸ್ವಾರಸ್ಯಕರ. ಕೋಟೆ ಬಿದ್ದ ರಾತ್ರಿ ಸೈನಿಕರು ಊರನ್ನು ಸೂರೆ ಮಾಡಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ (ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು) ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಸೂರೆಯನ್ನು ನಿಲ್ಲಿಸಿದ. ನಿಂತದ್ದು ಸೈನಿಕರ ಸೂರೆ ಮಾತ್ರ. ಅರಮನೆಯ ಭಂಡಾರವನ್ನು ‘ಪ್ರೈಜ್ ಏಜೆಂಟರು’ ಎಂಬ ಅಧಿಕಾರಿಗಳ ಸಮಿತಿ ವಶಕ್ಕೆ ತೆಗೆದುಕೊಂಡಿತು. ಅವರು ಪಟ್ಟಿ ಮಾಡಿ, ಬೆಲೆ ಕಟ್ಟಿ, ಹರಾಜು ಹಾಕಿ, ಸೇನಾಪತಿಯಿಂದ ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಪಾಲು ಹಂಚಿದರು. ಸಿಪಾಯಿಯೊಬ್ಬ ಜೇಬಿಗಿಳಿಸಿದ ಹರಳು ಕಳ್ಳಮಾಲು. ಅದೇ ಹರಳು ಸಮಿತಿಯ ಕೈಯಿಂದ ಬಂದರೆ ಸಕ್ರಮ ಸೊತ್ತು. ಅಂದಿನ ಯುದ್ಧನಿಯಮ ಇದನ್ನು ಒಪ್ಪಿತ್ತು. ವಿಲ್ಕಿ ಕಾಲಿನ್ಸ್‌ನ 1868ರ ಕಾದಂಬರಿ ‘ದಿ ಮೂನ್‌ಸ್ಟೋನ್’ ಆರಂಭವಾಗುವುದು ಶ್ರೀರಂಗಪಟ್ಟಣದ ಆ ಸೂರೆಯಲ್ಲೇ. ಕದ್ದ ವಜ್ರ ಇಂಗ್ಲೆಂಡಿನ ಸಭ್ಯ ಕುಟುಂಬವೊಂದರ ನೆಮ್ಮದಿ ಕೆಡಿಸುವ ಕಥೆ ಅದು. ಕಾದಂಬರಿಕಾರನಿಗೆ ಚುಚ್ಚಿದ ಪ್ರಶ್ನೆ ಪ್ರೈಜ್ ಏಜೆಂಟರನ್ನು ಕಾಡಿದಂತೆ ಕಾಣುವುದಿಲ್ಲ.

ಅವರ ಕೆಲಸದ ಅತಿದೊಡ್ಡ ಬಲಿ ಟಿಪ್ಪುವಿನ ಸಿಂಹಾಸನ. ಎಂಟು ಮೂಲೆಯ, ಮರದ ಮೇಲೆ ಚಿನ್ನದ ತಗಡು ಹೊದಿಸಿದ ಪೀಠ. ಅದನ್ನು ಹೊತ್ತಂತಿದ್ದ ದೊಡ್ಡ ಹುಲಿ. ಮೇಲೆ ಛತ್ರ, ಛತ್ರದ ತುದಿಯಲ್ಲಿ ರತ್ನಖಚಿತವಾದ ಹುಮಾ ಪಕ್ಷಿ. ಸುತ್ತಲಿನ ಕಟಕಟೆಯ ಮೇಲೆ ಎಂಟು ಪುಟ್ಟ ಚಿನ್ನದ ಹುಲಿತಲೆಗಳು. ಇಂಗ್ಲಿಷರನ್ನು ಗೆಲ್ಲುವವರೆಗೆ ಅದನ್ನು ಏರುವುದಿಲ್ಲವೆಂದು ಟಿಪ್ಪು ಶಪಥ ಮಾಡಿದ್ದನೆಂಬ ಐತಿಹ್ಯವಿದೆ. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ಇಂಗ್ಲೆಂಡಿನ ದೊರೆಗೆ ಕಳುಹಿಸುವ ಆಸೆಯಿತ್ತು. ಸುದ್ದಿ ತಲುಪುವಷ್ಟರಲ್ಲಿ ಏಜೆಂಟರು ಪಾಲು ಹಂಚುವ ಆತುರದಲ್ಲಿ ಅದನ್ನು ಒಡೆದು ತುಂಡು ಮಾಡಿಬಿಟ್ಟಿದ್ದರು.

ಆ ತುಂಡುಗಳ ಹಾದಿಯನ್ನು ಹಿಂಬಾಲಿಸಿದರೆ ಇಂಗ್ಲೆಂಡಿನ ಮೇಲ್ವರ್ಗದ ವಂಶವೃಕ್ಷವೇ ಬಿಚ್ಚಿಕೊಳ್ಳುತ್ತದೆ. ಹುಮಾ ಪಕ್ಷಿ ಮೂರನೆಯ ಜಾರ್ಜ್ ದೊರೆಗೆ ಹೋಯಿತು. ಪೀಠದ ದೊಡ್ಡ ಹುಲಿತಲೆಯನ್ನು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಾಲ್ಕನೆಯ ವಿಲಿಯಂಗೆ ಒಪ್ಪಿಸಿತು. ಎರಡೂ ಈಗ ರಾಜಮನೆತನದ ಸಂಗ್ರಹದಲ್ಲಿವೆ. ಪುಟ್ಟ ಹುಲಿತಲೆಗಳಲ್ಲಿ ಒಂದು ವೇಲ್ಸ್‌ನ ಪೊವಿಸ್ ಕೋಟೆಮನೆಯಲ್ಲಿದೆ. ಅಂದಿನ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್‌ನ ಪತ್ನಿ ಹೆನ್ರಿಯೆಟಾ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಹೋದವಳು. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಸೊಸೆ. ಟಿಪ್ಪುವಿನ ಹೂಬಳ್ಳಿಯ ಚೀಟಿಬಟ್ಟೆಯ ಡೇರೆಯೂ ಅದೇ ಮನೆಯಲ್ಲಿದೆ. ಇನ್ನೊಂದು ಹುಲಿತಲೆ ಇಂಗ್ಲೆಂಡಿನ ಉತ್ತರದ ಕೋಟೆಮನೆಯೊಂದರಲ್ಲಿ ತಲೆಮಾರುಗಳ ಕಾಲ ಅಜ್ಞಾತವಾಗಿದ್ದು 2009ರಲ್ಲಿ ಹರಾಜಿಗೆ ಬಂತು. ಮರುವರ್ಷ ಮತ್ತೊಂದು ಬಂತು. ಮುಂದೆ ನಡೆದದ್ದು ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು. 2021ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ 15 ಲಕ್ಷ ಪೌಂಡು ಬೆಲೆಯ ಹುಲಿತಲೆಯೊಂದು ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕ ರಫ್ತು ನಿಷೇಧ ಹೇರಿತು. ಬ್ರಿಟನ್ನಿನ ಇತಿಹಾಸಕ್ಕೆ ಅದು ಮುಖ್ಯ, ಅಲ್ಲಿಯ ಸಂಸ್ಥೆಯೊಂದು ಅದನ್ನು ಕೊಂಡು ಉಳಿಸಿಕೊಳ್ಳಲು ಕಾಲಾವಕಾಶ ಬೇಕು ಎಂಬುದು ಕಾರಣ. ಶ್ರೀರಂಗಪಟ್ಟಣದ ಅಕ್ಕಸಾಲಿಗ ಮಾಡಿದ ಹುಲಿತಲೆ ಎರಡು ಶತಮಾನಗಳಲ್ಲಿ ಬ್ರಿಟನ್ನಿನ ಪರಂಪರೆಯಾಯಿತು!

ಇದನ್ನು ಕೇವಲ ವ್ಯಂಗ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಬ್ರಿಟಿಷರ ವಾದದಲ್ಲಿ ಪೂರ್ತಿ ಸುಳ್ಳಿಲ್ಲ. ಹುಲಿ ಸಿಪಾಯಿಯನ್ನು ಕಚ್ಚುತ್ತಿರುವ ‘ಟಿಪ್ಪುವಿನ ಹುಲಿ’ ಎಂಬ ಮರದ ಯಂತ್ರ 1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಬಂದ ಜನ ಹಿಡಿ ತಿರುಗಿಸಿ ಅದರ ಗರ್ಜನೆಯನ್ನೂ ಬಿದ್ದವನ ನರಳಾಟವನ್ನೂ ಕೇಳಿ ಪುಳಕಗೊಳ್ಳುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ಜಖಂಗೊಂಡದ್ದನ್ನು ದುರಸ್ತಿ ಮಾಡಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಈಗಲೂ ಇಟ್ಟುಕೊಂಡಿದೆ. ಮೈಸೂರಿನಲ್ಲಿ ಆ ಯಂತ್ರ ಇದ್ದದ್ದು ಹೆಚ್ಚೆಂದರೆ ಕೆಲವೇ ವರ್ಷ. ಲಂಡನ್ನಿನಲ್ಲಿ ಎರಡು ಶತಮಾನಕ್ಕೂ ಹೆಚ್ಚು. ಹಾಗೆಂದು ಹೆಚ್ಚು ದಿನ ಇಟ್ಟುಕೊಂಡವನೇ ಒಡೆಯನೆಂದರೆ, ಅದು ಬಾಡಿಗೆದಾರನ ವಾದವಾದೀತೇ ಹೊರತು ನ್ಯಾಯವಾಗದು.

ಜಾಡಿನ ದಾಖಲೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. 2014ರ ಮೇ ತಿಂಗಳಲ್ಲಿ ಕ್ರಿಸ್ಟೀಸ್ ಸಂಸ್ಥೆ ಲಂಡನ್ನಿನಲ್ಲಿ ಚಿನ್ನದ ಭಾರವಾದ ಉಂಗುರವೊಂದನ್ನು 1 ಲಕ್ಷ 45 ಸಾವಿರ ಪೌಂಡಿಗೆ ಮಾರಿತು. ಅದರ ಮೇಲೆ ದೇವನಾಗರಿಯಲ್ಲಿ ‘ರಾಮ’ ಎಂದು ಕೆತ್ತಿದೆ. ಟಿಪ್ಪುವಿನ ಹೆಣದ ಬೆರಳಿನಿಂದ ಅದನ್ನು ತೆಗೆದದ್ದೆಂಬುದು ಒಡೆತನದ ಕಥೆ. ನಿಜವೇ ಆಗಿದ್ದರೆ ಅದು ಇತಿಹಾಸಕಾರರಿಗೆ ಹಬ್ಬ. ಆದರೆ ಆ ರಾತ್ರಿ ಬೆರಳಿನಿಂದ ಉಂಗುರ ತೆಗೆದವನು ರಸೀದಿ ಬರೆದುಕೊಟ್ಟಿರಲಿಲ್ಲವಲ್ಲ. ಇಂಥ ಕಡೆ ಕೊಳ್ಳುವವನು ಹಣ ಕೊಡುವುದು ನಂಬಿಕೆಗೆ. ಜಾಡು ತಪ್ಪುವುದು ಹಳೆಯ ಕೊಂಡಿಯಲ್ಲೇ ಆಗಬೇಕೆಂದೂ ಇಲ್ಲ. ಉದ್ಯಮಿ ವಿಜಯ್ ಮಲ್ಯ 2003ರ ಲಂಡನ್ ಹರಾಜಿನಲ್ಲಿ ಟಿಪ್ಪುವಿನದೆನ್ನಲಾದ ಖಡ್ಗವೊಂದನ್ನು ಕೊಂಡು, ಅದನ್ನು ತಾಯ್ನಾಡಿಗೆ ಮರಳಿಸಿದ ಗೌರವ ಪಡೆದರು. ಅದು ಕುಟುಂಬಕ್ಕೆ ಅಶುಭವೆನಿಸಿ 2016ರಲ್ಲಿ ಬೇರೆಯವರಿಗೆ ಕೊಟ್ಟುಬಿಟ್ಟರೆಂಬ ಸಂಗತಿ, ಸಾಲ ಕೊಟ್ಟ ಬ್ಯಾಂಕುಗಳು ಹೂಡಿದ ಮೊಕದ್ದಮೆಯಲ್ಲಿ 2018ರಲ್ಲಿ ಲಂಡನ್ ನ್ಯಾಯಾಲಯದ ಮುಂದೆ ಬಂತು. 1799ರ ಕಾಣಿಕೆ ಯಾರಿಗೆ ಹೋಯಿತೆಂದು ಪುಸ್ತಕಗಳು ಹೇಳುತ್ತವೆ. 2016ರದು ಯಾರಿಗೆಂಬುದು ಅಂದು ಹೊರಬರಲಿಲ್ಲ.

ನಮ್ಮ ರಾಜರೂ ತಂದರು, ಕಳೆದುಕೊಂಡರು

ಗೆದ್ದವನು ತಂದದ್ದನ್ನು ಹೆಮ್ಮೆಯಿಂದ ಬರೆದಿಡುವುದನ್ನು ಇಂಗ್ಲಿಷರು ಇಲ್ಲಿಗೆ ಹೊತ್ತು ತರಲಿಲ್ಲ. ತಂಜಾವೂರಿನ ಕಲಾಸಂಗ್ರಹಾಲಯದಲ್ಲಿ ಕಪ್ಪುಶಿಲೆಯ ದ್ವಾರಪಾಲಕನೊಬ್ಬನಿದ್ದಾನೆ. ಅವನ ಮೈಕಟ್ಟು, ಆಭರಣ ಯಾವುದೂ ಚೋಳರ ಶೈಲಿಯವಲ್ಲ. ಕಲ್ಯಾಣ ಚಾಲುಕ್ಯರ ಕೈಕೆಲಸವೆಂದು ನೋಡಿದೊಡನೆ ತಿಳಿಯುತ್ತದೆ. ಪೀಠದ ಮೇಲಿನ ತಮಿಳು ಶಾಸನ ಅನುಮಾನಕ್ಕೆ ಎಡೆಯನ್ನೇ ಉಳಿಸಿಲ್ಲ. ವಿಜಯರಾಜೇಂದ್ರನೆಂಬ ಬಿರುದಿನ ರಾಜಾಧಿರಾಜ ಚೋಳ ಕಲ್ಯಾಣಪುರವನ್ನು ಸುಟ್ಟು ಈ ದ್ವಾರಪಾಲಕನನ್ನು ತಂದನೆಂದು ಅದು ಸಾರುತ್ತದೆ. ಹನ್ನೊಂದನೇ ಶತಮಾನದ ನಡುಭಾಗದ ಮಾತು. ಒಂದನೇ ಸೋಮೇಶ್ವರನ ರಾಜಧಾನಿಯಾಗಿದ್ದ ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ತಂದವನು 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಅದೇ ಸೋಮೇಶ್ವರನೆದುರು ಮಡಿದ. ವಿಗ್ರಹ ಮಾತ್ರ ಅಲ್ಲೇ ಉಳಿಯಿತು. ಮುಂದೆ ದಾರಾಸುರದ ದೇಗುಲವನ್ನು ಸೇರಿ, ಅಲ್ಲಿಂದ ಸಂಗ್ರಹಾಲಯಕ್ಕೆ ಬಂತು. ನಾನು ಬಲ್ಲಮಟ್ಟಿಗೆ, ತನ್ನ ಅಪಹರಣದ ಕಥೆಯನ್ನು ಮೈಮೇಲೆ ಇಷ್ಟು ನೇರವಾಗಿ ಹೊತ್ತುಕೊಂಡ ಶಿಲ್ಪ ಕನ್ನಡನಾಡಿನದು ಇನ್ನೊಂದಿಲ್ಲ.

ವಿಜಯನಗರದವರು ಹಿಂದುಳಿದವರೇನಲ್ಲ. ಕೃಷ್ಣದೇವರಾಯ ಗಜಪತಿಗಳಿಂದ ಉದಯಗಿರಿ ದುರ್ಗವನ್ನು ಗೆದ್ದು ಅಲ್ಲಿಯ ಬಾಲಕೃಷ್ಣನ ಮೂರ್ತಿಯನ್ನು ರಾಜಧಾನಿಗೆ ತಂದ. ಅದಕ್ಕಾಗಿಯೇ ಹಂಪಿಯಲ್ಲಿ ಕೃಷ್ಣ ದೇಗುಲ ಕಟ್ಟಿಸಿ, 1515ರಲ್ಲಿ ಪ್ರತಿಷ್ಠಾಪನೆಯ ವಿವರವನ್ನು ಶಾಸನದಲ್ಲಿ ಕೆತ್ತಿಸಿದ. ಆ ಮೂರ್ತಿ ಈಗ ಹಂಪಿಯಲ್ಲಿಲ್ಲ, ಚೆನ್ನೈನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಅದನ್ನು ಮರಳಿಸಬೇಕೆಂದರೆ ಎಲ್ಲಿಗೆ? ಈಗಿರುವ ಚೆನ್ನೈಗೋ, ಪೂಜೆಗೊಂಡ ಹಂಪಿಗೋ, ಮೊದಲಿದ್ದ ಆಂಧ್ರದ ಉದಯಗಿರಿಗೋ? ಮೂರು ರಾಜ್ಯಗಳೂ ತಮ್ಮ ತಮ್ಮ ಶಾಸನ ತೋರಿಸಬಹುದು.

ಬಾದಾಮಿಯ ಕಥೆ ಇನ್ನೂ ಜಟಿಲ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಗೆದ್ದಾಗ ಅವನ ದಂಡನಾಯಕ ಗಣಪತಿಯ ವಿಗ್ರಹವನ್ನು ಹೊತ್ತೊಯ್ದನೆಂಬ ನಂಬಿಕೆ ತಮಿಳುನಾಡಿನಲ್ಲಿ ಬಲವಾಗಿದೆ. ಸಂಗೀತ ಕಛೇರಿಗಳಲ್ಲಿ ವಾತಾಪಿ ಗಣಪತಿಯ ಹೆಸರು ಕೇಳದ ಕನ್ನಡಿಗರಿಲ್ಲ. ಆದರೆ ಆ ಕಾಲದ ಯಾವ ಶಾಸನವೂ ಗಣಪತಿಯ ಮಾತೆತ್ತುವುದಿಲ್ಲ. ಕಲ್ಯಾಣದ ದ್ವಾರಪಾಲಕನ ಬಗ್ಗೆ ಪುರಾವೆಯಿದ್ದೂ ನಮಗೆ ನೆನಪಿಲ್ಲ. ಬಾದಾಮಿಯ ಗಣಪತಿಯ ಬಗ್ಗೆ ನೆನಪಿದೆ, ಪುರಾವೆಯಿಲ್ಲ.

ಲೂಟಿಕೋರರೆಲ್ಲ ಒಂದೇ ಧರ್ಮದವರು, ಒಂದೇ ದೇಶದವರು ಎಂದು ನಂಬಿದವರಿಗೆ ಶೃಂಗೇರಿಯ ಕಡತಗಳೂ ಇರಿಸುಮುರಿಸು ತರುತ್ತವೆ. 1791ರಲ್ಲಿ ಮರಾಠಾ ಸೈನ್ಯದ ಸವಾರರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದು ಶಾರದೆಯ ವಿಗ್ರಹವನ್ನು ಕದಲಿಸಿದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಅವರು ಬರೆದುಕೊಂಡದ್ದು ಟಿಪ್ಪುವಿಗೆ. ಮರುಪ್ರತಿಷ್ಠೆಗೆ ಹಣ, ಧಾನ್ಯ ಒದಗಿಸುವಂತೆ ಅವನು ಬಿದನೂರಿನ ತನ್ನ ಅಧಿಕಾರಿಗೆ ಆಜ್ಞೆ ಮಾಡಿದ. ಕನ್ನಡದಲ್ಲಿರುವ ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು. ಮಠ ತನ್ನ ಕಡತವನ್ನು ಜೋಪಾನ ಮಾಡಿಟ್ಟಿದ್ದರಿಂದ ನಮಗಿದು ತಿಳಿಯಿತು.

ಹಾಗಾದರೆ ಎಲ್ಲವನ್ನೂ ಹಿಂದಿರುಗಿಸಬೇಕೇ, ಯಾವುದನ್ನೂ ಬೇಡವೇ? ಕಾನೂನು ಈ ಗೋಜಿಗೆ ಹೋಗದೆ ಒಂದು ಗೆರೆ ಎಳೆದಿದೆ. ಸಾಂಸ್ಕೃತಿಕ ಸೊತ್ತುಗಳ ಅಕ್ರಮ ಸಾಗಣೆಯ ವಿರುದ್ಧ ಯುನೆಸ್ಕೊ ಒಪ್ಪಂದವಾದದ್ದು 1970ರಲ್ಲಿ. ಭಾರತ ಅದಕ್ಕೆ ಸೇರಿದ್ದು 1977ರಲ್ಲಿ. ನಮ್ಮ ಪುರಾತನ ವಸ್ತುಗಳ ಕಾಯಿದೆ 1972ರದು, ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ಮೀರಿದ ಶಿಲ್ಪ, ಲೋಹಮೂರ್ತಿಗಳನ್ನು ಸರ್ಕಾರದ ಹೊರತು ಯಾರೂ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಗೆರೆಯ ಈಚೆಗೆ ಕದ್ದು ಹೋದದ್ದನ್ನು ಕೇಳುವ ಹಕ್ಕು ಸ್ಪಷ್ಟ. ಆಚೆಗೆ ಹೋದದ್ದಕ್ಕೆ ನೈತಿಕ ಒತ್ತಡ, ಮಾತುಕತೆ, ಕೊನೆಗೆ ಹಣ. 1898ರಲ್ಲಿ ಪಿಪ್ರಾವಾದಲ್ಲಿ ಬುದ್ಧನ ಅಸ್ಥಿಯೊಂದಿಗೆ ದೊರೆತ ರತ್ನಗಳನ್ನು, ಅಗೆದ ಇಂಗ್ಲಿಷ್ ಜಮೀನ್ದಾರನ ವಂಶಸ್ಥರು 2025ರ ಮೇ ತಿಂಗಳಲ್ಲಿ ಹಾಂಕಾಂಗಿನಲ್ಲಿ ಹರಾಜಿಗಿಟ್ಟಾಗ ಭಾರತ ಸರ್ಕಾರ ಕಾನೂನು ನೋಟಿಸು ಕೊಟ್ಟು ತಡೆಯಿತು. ಜುಲೈನಲ್ಲಿ ಅವು ಭಾರತಕ್ಕೆ ಬಂದವು. ಬಂದದ್ದು ಮುಂಬೈಯ ಉದ್ಯಮ ಸಮೂಹವೊಂದು ಕೊಂಡುಕೊಂಡದ್ದರಿಂದ. ಗೌರವ ಉಳಿಯಿತು, ಆದರೆ ಬಿಟ್ಟಿಯಾಗಿ ಉಳಿಯಲಿಲ್ಲ.

ಗೆರೆ ನ್ಯಾಯಸಮ್ಮತವೆಂದು ನಾನು ಹೇಳುವುದಿಲ್ಲ. 1799ರಲ್ಲಿ ತಪ್ಪಲ್ಲದ್ದು 1999ರಲ್ಲಿ ತಪ್ಪಾದರೆ ಬದಲಾದದ್ದು ನಿಯಮ, ಕಳೆದುಕೊಂಡವನ ನೋವಲ್ಲ. ಆದರೂ ವಿಂಡ್ಸರಿನ ಹುಲಿತಲೆಗಾಗಿ ಸಂಸತ್ತಿನಲ್ಲಿ ಗುಡುಗುವ ಶಕ್ತಿಯಲ್ಲಿ ಕಾಲುಭಾಗವನ್ನು ಗೆರೆಯ ಈಚೆಗೆ ವ್ಯಯಿಸಿದರೆ ಫಲ ಹೆಚ್ಚೆಂದು ತೋರುತ್ತದೆ. ಏಕೆಂದರೆ ಇಂದಿನ ಕಳ್ಳ ಪ್ರೈಜ್ ಏಜೆಂಟನಂತೆ ಪಟ್ಟಿ ಬರೆದಿಡುವುದಿಲ್ಲ. ರಾಜಾಧಿರಾಜನಂತೆ ಪೀಠದ ಮೇಲೆ ಕೆತ್ತಿಸುವುದೂ ಇಲ್ಲ. ಅವನು ಸುಳ್ಳು ಚರಿತ್ರೆ ಸೃಷ್ಟಿಸುತ್ತಾನೆ.

ಕಾಗದದ ಮೇಲೆ ಹುಟ್ಟಿದ ಒಡೆಯ

ಅದು ಹೇಗೆ ನಡೆಯುತ್ತದೆಂಬುದಕ್ಕೆ ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನದ ನಟರಾಜನೇ ಸಾಕ್ಷಿ. ನಿತ್ಯಪೂಜೆ ನಿಂತು, ಬೀಗ ಜಡಿದಿದ್ದ ಚೋಳರ ಕಾಲದ ಬೃಹದೀಶ್ವರ ದೇಗುಲದಿಂದ 2006ರಲ್ಲಿ ಆ ಕಂಚಿನ ಮೂರ್ತಿ ಕಳುವಾಯಿತು. ಊರಿಗೆ ಗೊತ್ತಾದದ್ದು 2008ರಲ್ಲಿ, ಮೂರ್ತಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲು ಅಧಿಕಾರಿಗಳು ಬಂದು ಬಾಗಿಲು ತೆರೆದಾಗ. ಅದೇ ವರ್ಷ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಗ್ಯಾಲರಿ 51 ಲಕ್ಷ ಡಾಲರ್ ಕೊಟ್ಟು ನಟರಾಜನೊಬ್ಬನನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರನಿಂದ ಕೊಂಡಿತ್ತು. ಜೊತೆಗೆ ಕಾಗದಪತ್ರಗಳೂ ಇದ್ದವು. ಅವುಗಳ ಪ್ರಕಾರ ಸುಡಾನ್ ದೇಶದ ರಾಜತಾಂತ್ರಿಕರೊಬ್ಬರು ದೆಹಲಿಯಲ್ಲಿ ಕೆಲಸದಲ್ಲಿದ್ದಾಗ, 1970ರ ಸುಮಾರಿಗೆ, ಅದನ್ನು ಕೊಂಡು ಹೊರದೇಶಕ್ಕೆ ಒಯ್ದಿದ್ದರು. ಅವರ ಪತ್ನಿಯಿಂದ ಅದು ವ್ಯಾಪಾರಿಗೆ ಬಂದಿತ್ತು. ದಿನಾಂಕದ ಆಯ್ಕೆಯನ್ನು ಗಮನಿಸಬೇಕು. ಭಾರತದ ಕಾಯಿದೆ ಬರುವ ಮುನ್ನವೇ ಮೂರ್ತಿ ಹೊರಹೋಯಿತೆಂದು ತೋರಿಸಲು ಎಷ್ಟು ಹಿಂದೆ ಹೋಗಬೇಕೋ ಅಷ್ಟೇ ಹಿಂದೆ. ಗೆರೆ ಎಲ್ಲಿದೆಯೆಂದು ಎಲ್ಲರಿಗಿಂತ ಚೆನ್ನಾಗಿ ಕಳ್ಳಪೇಟೆಗೆ ಗೊತ್ತು.

ಆ ಕಾಗದದ ಗೋಪುರವನ್ನು ಕೆಡವಿದ್ದು ಒಂದು ಛಾಯಾಚಿತ್ರ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1956ರಿಂದ ದಕ್ಷಿಣದ ದೇಗುಲಗಳ ಮೂರ್ತಿಗಳನ್ನು ಊರೂರು ಸುತ್ತಿ ಚಿತ್ರೀಕರಿಸುತ್ತ ಬಂದಿದೆ. ಅದರ ಭಂಡಾರದಲ್ಲಿ ಲಕ್ಷಕ್ಕೂ ಹೆಚ್ಚು ಚಿತ್ರಗಳಿವೆ. ಅದು ಕಳ್ಳರನ್ನು ಹಿಡಿಯಲು ಮಾಡಿದ ಕೆಲಸವಲ್ಲ. ಶಿಲ್ಪಶಾಸ್ತ್ರ, ಆಗಮಗಳ ಅಧ್ಯಯನಕ್ಕೆ ಮಾಡಿದ್ದು. 1970ರಲ್ಲೇ ದೇಶ ಬಿಟ್ಟಿತೆಂದು ಪತ್ರ ಹೇಳುವ ನಟರಾಜ, 1990ರ ದಶಕದ ಚಿತ್ರದಲ್ಲಿ ಶ್ರೀಪುರಂದಾನದ ದೇಗುಲದಲ್ಲೇ ನಿಂತಿದ್ದ. ಎರಕ ಹೊಯ್ಯುವಾಗ ಉಳಿದ ಊನ, ಪ್ರಭಾವಳಿಯ ಜ್ವಾಲೆಗಳ ಓರೆಕೋರೆ, ಸವೆತದ ಗುರುತು ಯಾವುದನ್ನೂ ಕಾಗದ ಅಳಿಸಲಾರದು. ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾಗಿ, ಮರುವರ್ಷ ಭಾರತಕ್ಕೆ ಹಸ್ತಾಂತರಗೊಂಡ. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಟೋನಿ ಅಬಾಟ್ ಸ್ವತಃ ದೆಹಲಿಗೆ ಬಂದು ನಟರಾಜನನ್ನು ಒಪ್ಪಿಸಿದರು. ವೃದ್ಧಾಚಲದ ಅರ್ಧನಾರೀಶ್ವರನೂ ಜೊತೆಯಲ್ಲಿ ಬಂದ. ಬೇರೊಂದು ದೇಗುಲದ ಕಳವಿನ ಪ್ರಕರಣದಲ್ಲಿ ಕುಂಭಕೋಣದ ನ್ಯಾಯಾಲಯ 2022ರ ನವೆಂಬರಿನಲ್ಲಿ ಕಪೂರನಿಗೆ ಹತ್ತು ವರ್ಷ ಶಿಕ್ಷೆ ವಿಧಿಸಿತು.

ವಿದೇಶಗಳಿಂದ ಮೂರ್ತಿಗಳು ಮರಳಿದ ಸುದ್ದಿಯಲ್ಲಿ ತಮಿಳುನಾಡಿನ ಹೆಸರು ಮತ್ತೆ ಮತ್ತೆ ಬರಲು ಅಲ್ಲಿ ಕಳವು ಹೆಚ್ಚೆಂಬುದೊಂದೇ ಕಾರಣವಲ್ಲ. ಅಲ್ಲಿ ‘ಇದು ನಮ್ಮದು’ ಎನ್ನಲು ಚಿತ್ರವಿದೆ. ಅಲ್ಲಿಯ ಈ ಅಭ್ಯಾಸಕ್ಕೆ ಸಾವಿರ ವರ್ಷದ ಹಿನ್ನೆಲೆಯೂ ಇದೆ. ತಂಜಾವೂರಿನ ದೊಡ್ಡ ಗುಡಿಯ ಗೋಡೆಗಳ ಮೇಲೆ ರಾಜರಾಜ ಚೋಳ ತಾನೂ ತನ್ನ ಪರಿವಾರದವರೂ ಕೊಟ್ಟ ಲೋಹಮೂರ್ತಿಗಳ ಎತ್ತರವನ್ನು ಮೊಳ–ಬೆರಳುಗಳಲ್ಲಿ, ಆಭರಣಗಳ ತೂಕವನ್ನು ‘ಆಡವಲ್ಲಾನ್’ ಎಂಬ ಹೆಸರಿನ ತೂಕದ ಕಲ್ಲಿನ ಲೆಕ್ಕದಲ್ಲಿ, ಮುತ್ತುಗಳ ಸಂಖ್ಯೆ ಸಹಿತ ಕೆತ್ತಿಸಿದ್ದಾನೆ. ಕದ್ದ ಕಲಾವಸ್ತುಗಳ ಪತ್ತೆಗೆಂದು ಅಮೆರಿಕದ ಗೆಟ್ಟಿ ಸಂಸ್ಥೆ 1997ರಲ್ಲಿ ‘ಆಬ್ಜೆಕ್ಟ್ ಐಡಿ’ ಎಂಬ ನಮೂನೆಯನ್ನು ಪ್ರಕಟಿಸಿತು. ಅದು ಕೇಳುವುದೂ ಇದನ್ನೇ: ಯಾವ ವಸ್ತು, ಯಾವ ಲೋಹ, ಎಷ್ಟು ಅಳತೆ, ಏನು ಗುರುತು, ಯಾವ ಬರಹ. ಹೆಚ್ಚುವರಿಯಾಗಿ ಒಂದು ಫೋಟೊ.

ಕನ್ನಡದ ದಾನಶಾಸನಗಳೂ ಒಡೆತನದ ಪತ್ರಗಳೇ. ಯಾರು, ಯಾವ ದೇವರಿಗೆ, ಯಾವ ತಿಥಿಯಲ್ಲಿ, ಯಾರ ಸಾಕ್ಷಿಯಲ್ಲಿ, ಏನು ಕೊಟ್ಟರೆಂದು ಹೇಳಿ, ಕೊನೆಗೆ ಕಸಿದುಕೊಂಡವನಿಗೆ ಶಾಪ ಹಾಕುತ್ತವೆ. ಅಂಥವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂಬುದು ಪ್ರಸಿದ್ಧ ಶಾಪ. ನಮ್ಮ ಶಾಸನಗಳು ಭೂಮಿಯ ಎಲ್ಲೆಯನ್ನು ಕೆರೆ, ಹುತ್ತ, ಹುಣಿಸೆಮರಗಳ ಸಮೇತ ಗುರುತಿಸುವಷ್ಟು ಶ್ರದ್ಧೆಯನ್ನು ಮೂರ್ತಿಗಳ ವಿಷಯದಲ್ಲಿ ತೋರಿದ್ದು ಕಡಿಮೆ. ಶಾಪವೇ ಸಾಕೆಂದುಕೊಂಡರೋ ಏನೋ.

ಲೆಕ್ಕ ಇಡುವುದು ಬಾರದ ಜನ ನಾವಲ್ಲ ಎಂಬುದಕ್ಕೆ ಮೇಲುಕೋಟೆ ಇದೆ. ಚೆಲುವನಾರಾಯಣನ ವೈರಮುಡಿಯೂ, ರಾಜ ಒಡೆಯರು ಅರ್ಪಿಸಿದ ರಾಜಮುಡಿಯೂ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಸಮಕ್ಷಮದಲ್ಲಿ ಪೆಟ್ಟಿಗೆ ಹೊರಬಂದು, ಪೊಲೀಸ್ ಕಾವಲಿನಲ್ಲಿ ಹಳ್ಳಿಹಳ್ಳಿಯ ಪೂಜೆ ಸ್ವೀಕರಿಸುತ್ತ ಬೆಟ್ಟ ಏರುತ್ತದೆ. ಪರಿಶೀಲಿಸಿ ದೇಗುಲಕ್ಕೆ ಒಪ್ಪಿಸುತ್ತಾರೆ. ಉತ್ಸವ ಮುಗಿದ ಮೇಲೆ ಖಜಾನೆಗೆ ಮರಳುತ್ತದೆ. ಕೈಯಿಂದ ಕೈಗೆ ಹೋಗುವ ಪ್ರತಿ ಹೆಜ್ಜೆಗೂ ಹೊಣೆಗಾರರಿದ್ದಾರೆ. ಪಾಶ್ಚಾತ್ಯ ಮ್ಯೂಸಿಯಂಗಳು ಪುಸ್ತಕ ಬರೆದು ಕಲಿಸುವುದನ್ನು ನಮ್ಮ ಖಜಾನೆಯ ಗುಮಾಸ್ತರು ಪೂಜೆಯ ನಡುವೆಯೇ ಮಾಡುತ್ತ ಬಂದಿದ್ದಾರೆ.

ಆದರೆ ಇಂಥ ಕಾವಲು ಎಷ್ಟು ದೇವರಿಗೆ ಲಭ್ಯ? ಕರ್ನಾಟಕದ ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿ 30 ಸಾವಿರಕ್ಕೂ ಹೆಚ್ಚು ದೇಗುಲಗಳಿವೆ. ಅವುಗಳಲ್ಲಿ ಬಹುಪಾಲು ‘ಸಿ’ ದರ್ಜೆಯವು, ಎಣ್ಣೆಬತ್ತಿಗೂ ತತ್ವಾರ. ಖಾಸಗಿ ಗುಡಿಗಳು, ಬಸದಿಗಳು, ದೈವಸ್ಥಾನಗಳು ಇದರ ಹೊರಗೆ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಅಮೂಲ್ಯ ಜಿನಬಿಂಬಗಳು ಕಳುವಾದಾಗ ನಾಡು ಬೆಚ್ಚಿತು. ಬೆಚ್ಚಲು ಕಾರಣ ಆ ಬಿಂಬಗಳು ಪ್ರಸಿದ್ಧವಾಗಿದ್ದವು, ನೋಡಿದ ಭಕ್ತರು ಸಾವಿರಾರು ಇದ್ದರು. ಮಲೆನಾಡಿನ ಮೂಲೆಯ ಗುಡಿಯೊಂದರಿಂದ ಗೇಣುದ್ದದ ಉತ್ಸವಮೂರ್ತಿ ಹೋದರೆ ಸ್ಥಳೀಯ ಠಾಣೆಯಲ್ಲಿ ಒಂದು ದೂರು ದಾಖಲಾದೀತು. ದೂರಿನಲ್ಲಿ ‘ಪಂಚಲೋಹದ ವಿಗ್ರಹ – ಒಂದು’ ಎಂದಷ್ಟೇ ಬರೆದಿದ್ದರೆ, ಹತ್ತು ವರ್ಷದ ನಂತರ ನ್ಯೂಯಾರ್ಕಿನ ಹರಾಜುಪಟ್ಟಿಯಲ್ಲಿ ಅದು ಮಿಂಚಿದಾಗ ಗುರುತು ಹಿಡಿಯುವವರು ಯಾರು? 2024ರ ಜುಲೈನಲ್ಲಿ ಭಾರತ–ಅಮೆರಿಕ ನಡುವೆ ಸಾಂಸ್ಕೃತಿಕ ಸೊತ್ತುಗಳ ಒಪ್ಪಂದಕ್ಕೆ ಸಹಿ ಬಿದ್ದಿದೆ. ಬಾಗಿಲು ತೆರೆದಿದೆಯೆಂದರೂ, ಅದರೊಳಗೆ ಹೋಗಿ ಕೇಳುವವನ ಕೈಯಲ್ಲಿ ಒಂದು ಚಿತ್ರವಾದರೂ ಇರಬೇಕಲ್ಲ.

2007ರಲ್ಲಿ ಕೇಂದ್ರ ಸರ್ಕಾರ ಸ್ಮಾರಕ ಹಾಗೂ ಪುರಾತನ ವಸ್ತುಗಳ ರಾಷ್ಟ್ರೀಯ ಅಭಿಯಾನ ಆರಂಭಿಸಿದ್ದು ಇದಕ್ಕೇ. 2013ರ ಮಹಾಲೇಖಪಾಲರ ವರದಿಯಲ್ಲಿ, ಪುರಾತತ್ವ ಸರ್ವೇಕ್ಷಣ ಇಲಾಖೆ ರಕ್ಷಿಸುತ್ತಿರಬೇಕಾಗಿದ್ದ 92 ಸ್ಮಾರಕಗಳೇ ಕಾಣಿಸುತ್ತಿಲ್ಲವೆಂಬ ಮಾತಿತ್ತು. ಕಲ್ಲಿನ ಕಟ್ಟಡಗಳ ಗತಿಯೇ ಹೀಗಾದಾಗ ಕೈಚೀಲದಲ್ಲಿ ಹಿಡಿಸುವ ಕಂಚಿನ ಗತಿಯೇನು? ದೆಹಲಿಯ ಅಭಿಯಾನ ನಮ್ಮೂರಿನ ಗುಡಿಗೆ ತಲುಪುವವರೆಗೆ ಕಾಯಬೇಕಾಗಿಲ್ಲ. ಹಂಪಿಯಲ್ಲಿ 1856ರಷ್ಟು ಹಿಂದೆಯೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ಮೇಲೆ ಪಡಿಯಚ್ಚು ತೆಗೆಯುವ ದೈತ್ಯ ಕ್ಯಾಮೆರಾ ಹೊತ್ತು ದೇಗುಲಗಳನ್ನು ಚಿತ್ರೀಕರಿಸಿದ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಣದಿದ್ದ ಆ ಚಿತ್ರಗಳು 1980ರಲ್ಲಿ ಮತ್ತೆ ಸಿಕ್ಕವು. ಅಲ್ಲಿ ಯಾವ ಗೋಪುರ ಆಗ ನೆಟ್ಟಗಿತ್ತು, ಯಾವ ಕಂಬ ಎಲ್ಲಿತ್ತೆಂದು ಇಂದು ಹೇಳಬಲ್ಲೆವಾದರೆ ಅವುಗಳಿಂದ.

ಅವನಿಗೆ ಬೇಕಾಗಿದ್ದ ಎತ್ತಿನ ಗಾಡಿ, ರಾಸಾಯನಿಕಗಳ ಪೆಟ್ಟಿಗೆ ಈಗ ಬೇಕಿಲ್ಲ. ವರ್ಷಕ್ಕೊಮ್ಮೆ, ಜಾತ್ರೆಗೆ ಮುನ್ನ ಅಲಂಕಾರ ತೆಗೆದು ಮೂರ್ತಿಯನ್ನು ಹುಣಿಸೆಹಣ್ಣಿನಿಂದ ತೊಳೆಯುವ ದಿನವೊಂದಿರುತ್ತದೆ. ಅಂದು ಅರ್ಚಕರ ಮೊಬೈಲಿನಿಂದ ನಾಲ್ಕು ಕಡೆಯಿಂದ ಒಂದೊಂದು ಚಿತ್ರ, ಪೀಠದ ಅಡಿಯದೊಂದು. ದರ್ಜಿಯ ಟೇಪಿನಿಂದ ಎತ್ತರ–ಅಗಲ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಕ. ಬೆರಳು ಮುರಿದಿದ್ದರೆ, ಪ್ರಭಾವಳಿ ಸೀಳಿದ್ದರೆ ಅದರ ಹತ್ತಿರದ ಚಿತ್ರ. ಒಂದು ಪ್ರತಿ ಊರಿನ ಶಾಲೆಯಲ್ಲಿ, ಇನ್ನೊಂದು ತಾಲ್ಲೂಕು ಕಚೇರಿಯಲ್ಲಿ, ಮತ್ತೊಂದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವ ಊರಿನ ಮಕ್ಕಳ ಬಳಿ. ಗುಡಿಯ ಬೀರುವಿನಲ್ಲಿ ಮಾತ್ರ ಇಡಬಾರದು. ಕಳ್ಳ ಮೂರ್ತಿಯ ಜೊತೆಗೆ ಅದನ್ನೂ ಒಯ್ದಾನು.